ಆಟೋಗ್ರಾಫ್‌ಗಾಗಿ ಬ್ಯಾಟು, ಫೋಟೊ ಪೋಸ್ಟ್ ಮಾಡುವ ಮುನ್ನ

ಇಷ್ಟದ ಆಟಗಾರರಿಗೆ ಪತ್ರ ಬರೆದು, ಜತೆಗೊಂದು ಫೋಟೊ ಇಟ್ಟು, ‘ಸಹಿ ಹಾಕಿ ಕಳಿಸಿಕೊಡಿ ಸರ್’ ಎಂದು ಕೇಳುವುದು ಬಹಳ ಹಳೆಯ ಹವ್ಯಾಸ. ಡಾನ್ ಬ್ರಾಡ್‌ಮನ್ ಅಡಿಲೇಡ್‌ನ ತಮ್ಮ ಮನೆಯಲ್ಲಿ ಕೂತು, ವಯಸ್ಸಾದ ಮೇಲೂ ದಿನಾ ಗಂಟೆಗಟ್ಟಲೆ ಅಭಿಮಾನಿಗಳ ಪತ್ರಗಳಿಗೆ ಉತ್ತರ ಬರೆಯುತ್ತಿದ್ದರು. ಅಮೆರಿಕದ ಬೇಸ್‌ಬಾಲ್ ಲೋಕದಲ್ಲಂತೂ ಇದು ದೊಡ್ಡ ಹವ್ಯಾಸ. ಸ್ಟಾನ್ ಮ್ಯೂಸಿಯಲ್ ಅವರಂಥವರು ಅಂಚೆಯಲ್ಲಿ ಬಂದ ಕಾರ್ಡುಗಳಿಗೆ ಸಹಿ ಹಾಕಿ ವಾಪಸ್ ಕಳಿಸುವುದಕ್ಕೇ ಹೆಸರಾಗಿದ್ದರು. ನಮ್ಮಲ್ಲೂ ಸ್ಪೋರ್ಟ್‌ಸ್ಟಾರ್ ಪತ್ರಿಕೆಯ ಪೋಸ್ಟರ್ ಬಿಡಿಸಿ, ಮಡಚಿ, ಕವರಿಗೆ ಹಾಕಿ ಕಳಿಸಿದವರು ಎಷ್ಟೋ ಮಂದಿ ಇದ್ದಾರೆ.

ಈ ಹವ್ಯಾಸ ನನಗೆ ತುಂಬ ಇಷ್ಟ. ಹಾಗಾಗಿಯೇ ಇದರಲ್ಲಿರುವ ಅಪಾಯಗಳನ್ನು ಬಿಡಿಸಿ ಹೇಳಬೇಕು ಅನ್ನಿಸಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ವಸ್ತು ಹೋಗುವ ದಾರಿಯ ಬಗ್ಗೆ ಚಿಂತೆ ಮಾಡುತ್ತಾರೆ. ಬರುವ ದಾರಿಯ ಬಗ್ಗೆ ಯೋಚಿಸುವುದೇ ಇಲ್ಲ. ಹೋಗುವಾಗ ಅದು ಮೂವತ್ತು ರೂಪಾಯಿಯ ಫೋಟೊ. ಕಳೆದರೆ ಇನ್ನೊಂದು ಪ್ರಿಂಟ್ ಹಾಕಿಸಬಹುದು. ಸಹಿ ಬಿದ್ದ ಮೇಲೆ ಅದೇ ಫೋಟೊ ಮತ್ತೆ ಸಿಗದ ವಸ್ತು. ಆ ಹೊತ್ತಿಗೆ ಅದು ನಿಮ್ಮ ಕೈಯಲ್ಲೂ ಇರುವುದಿಲ್ಲ. ಬೇರೆ ಯಾರೋ ಪ್ಯಾಕ್ ಮಾಡಿ, ಬೇರೆ ಯಾರೋ ಪೋಸ್ಟ್ ಡಬ್ಬಿಗೆ ಹಾಕುತ್ತಾರೆ. ಆದ್ದರಿಂದ ಮುಂದೆ ಹೇಳುವ ಪ್ರತಿ ಕೆಲಸವನ್ನೂ ವಾಪಸ್ ಬರುವ ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಾಡಿ.

ಏನು ಕಳಿಸಬೇಕು

ಕಳೆದರೆ ಅಳು ಬರುವಂಥದ್ದನ್ನು ಕಳಿಸಬೇಡಿ. ಅಪ್ಪ ಆಡಿದ ಬ್ಯಾಟು, ಅಜ್ಜ ಇಟ್ಟುಕೊಂಡಿದ್ದ ಟೆಸ್ಟ್ ಮ್ಯಾಚಿನ ಟಿಕೆಟ್, ಈಗಾಗಲೇ ಮೂರು ಜನರ ಸಹಿ ಇದ್ದು ನಾಲ್ಕನೆಯದಕ್ಕೆ ಕಾಯುತ್ತಿರುವ ಮಿನಿ ಬ್ಯಾಟು, ಇವೆಲ್ಲ ಮನೆಯಲ್ಲೇ ಇರಲಿ. ಆ ನಾಲ್ಕನೆಯ ಸಹಿಯ ಆಸೆಗೆ ಮೂರನ್ನೂ ಕಳೆದುಕೊಳ್ಳುವುದು ಬೇಡ.

‘ಇನ್ಶೂರೆನ್ಸ್ ಮಾಡಿಸಿದರೆ ಆಯ್ತಲ್ವಾ?’ ಎಂದು ಕೇಳುವವರಿದ್ದಾರೆ. ಸ್ಪೀಡ್ ಪೋಸ್ಟ್‌ನಲ್ಲಿ ವಸ್ತು ಕಳೆದುಹೋದರೆ ಸಾಮಾನ್ಯವಾಗಿ ಸಿಗುವ ಪರಿಹಾರ ಎಂದರೆ ನೀವು ಕಟ್ಟಿದ ಶುಲ್ಕದ ಎರಡರಷ್ಟು, ಇಲ್ಲವೇ 1,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಬೇರೆಯಾಗಿ ವಿಮೆ ಮಾಡಿಸಬಹುದು, ನಿಜ. ಆದರೆ ವಿಮೆಗೆ ಬಿಲ್ ಬೇಕು. ಹೊಸ ಬ್ಯಾಟಿಗೆ ಬಿಲ್ ಇರುತ್ತದೆ, ಸಹಿಗೆ ಬಿಲ್ ಎಲ್ಲಿಂದ ತರುತ್ತೀರಿ? ಅಲ್ಲದೆ ವಿಮೆ ಮಾಡಿಸಿದ್ದು ಹೋಗುವ ದಾರಿಗೆ. ಬರುವ ಕವರಿಗೆ ಯಾರೂ ಮಾಡಿಸಿರುವುದಿಲ್ಲ.

ಅಂಚೆಗೆ ಹೇಳಿ ಮಾಡಿಸಿದಂಥ ವಸ್ತುಗಳು ಮೂರು: ಫೋಟೊ, ದಪ್ಪ ಬಿಳಿ ಕಾರ್ಡು, ಫಸ್ಟ್ ಡೇ ಕವರ್ (ಹೊಸ ಅಂಚೆಚೀಟಿ ಅಂಟಿಸಿ, ಅದು ಬಿಡುಗಡೆಯಾದ ದಿನದ ಮುದ್ರೆ ಹಾಕಿದ ಕವರ್). ನನಗೆ ಹೆಚ್ಚು ಇಷ್ಟ ಕೊನೆಯದು. ಒಂದು ಉದಾಹರಣೆ ನೋಡಿ. 1971ರಲ್ಲಿ ಭಾರತ ಮೊದಲು ವೆಸ್ಟ್ ಇಂಡೀಸ್‌ನಲ್ಲಿ, ಆಮೇಲೆ ಇಂಗ್ಲೆಂಡಿನಲ್ಲಿ ಸರಣಿ ಗೆದ್ದಿತು. ಓವಲ್‌ನಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ 38 ರನ್‌ಗೆ 6 ವಿಕೆಟ್ ತೆಗೆದ ವರ್ಷ ಅದು. ಅದೇ ವರ್ಷ ಅಂಚೆ ಇಲಾಖೆ ಆ ಗೆಲುವುಗಳ ನೆನಪಿಗೆ ಅಂಚೆಚೀಟಿ ತಂದಿತು. ಅದರ ಫಸ್ಟ್ ಡೇ ಕವರ್ ಅಂಚೆಚೀಟಿ ವ್ಯಾಪಾರಿಗಳ ಹತ್ತಿರ ಹುಡುಕಿದರೆ ಸಿಗುತ್ತದೆ. ತೂಕ ಏನೂ ಇಲ್ಲ. ಸಹಿಗೆ ಬೇಕಾದಷ್ಟು ಖಾಲಿ ಜಾಗ ಇದೆ. ಕಾಗದ ಶಾಯಿಯನ್ನು ಚೆನ್ನಾಗಿ ಹೀರುತ್ತದೆ. ಆ ತಂಡದಲ್ಲಿದ್ದ ಆಟಗಾರರ ಸಹಿ ಅದರ ಮೇಲೆ ಬಿದ್ದರೆ, ಒಂದು ಬ್ಯಾಟಿಗಿಂತ ಜಾಸ್ತಿ ಅರ್ಥ ಅದಕ್ಕಿದೆ. ಅಕಸ್ಮಾತ್ ದಾರಿಯಲ್ಲಿ ಕಳೆದರೂ ಇನ್ನೊಂದು ಕೊಂಡುಕೊಳ್ಳಬಹುದು.

ವಿಳಾಸ

ಆಟಗಾರರ ಮನೆ ವಿಳಾಸ ಹುಡುಕಿಕೊಂಡು ಹೋಗಬೇಡಿ. ಹಾಗೆ ಓಡಾಡುವ ವಿಳಾಸಗಳಲ್ಲಿ ಎಷ್ಟೋ ಹಳೆಯವು. ಮನೆ ಬದಲಾಗಿರುತ್ತದೆ, ನಿಮ್ಮ ಫೋಟೊ ಯಾರದೋ ಮನೆಯ ರದ್ದಿಗೆ ಸೇರುತ್ತದೆ. ವಿಳಾಸ ಸರಿಯಿದ್ದರೂ ಅದು ಒಬ್ಬರ ಮನೆ, ಅಲ್ಲಿ ಹೆಂಡತಿ ಮಕ್ಕಳು ಇರುತ್ತಾರೆ. ಗುರುತಿಲ್ಲದವರ ಪಾರ್ಸೆಲ್ ಬಾಗಿಲಿಗೆ ಬಂದರೆ ಯಾರಿಗಾದರೂ ಗಾಬರಿ ಆಗುತ್ತದೆ. ಅವರು ಕೆಲಸ ಮಾಡುವ ಅಕಾಡೆಮಿ, ರಾಜ್ಯ ಸಂಸ್ಥೆ, ಕ್ಲಬ್ಬು, ಇವುಗಳ ಕೇರ್ ಆಫ್ ಹಾಕಿ ಕಳಿಸುವುದೇ ಸರಿ.

ಕೇರ್ ಆಫ್ ವಿಳಾಸದಲ್ಲೂ ತೊಡಕಿದೆ. ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಪತ್ರ ಮುಟ್ಟಿತು ಎಂದರೆ ಆಟಗಾರರ ಕೈಗೆ ಮುಟ್ಟಿತು ಎಂದಲ್ಲ. ಆಟಗಾರರು ಅಲ್ಲಿ ದಿನಾ ಕೂತಿರುವುದಿಲ್ಲ. ಪತ್ರಗಳು ಯಾವುದೋ ಮೇಜಿನ ಮೇಲೆ ರಾಶಿ ಬೀಳುತ್ತವೆ. ಹಾಗಾಗಿ ಮೊದಲು ಬರೀ ಪತ್ರ ಕಳಿಸಿ. ‘ನಿಮ್ಮ ಸಹಿ ಬೇಕಿತ್ತು, ಯಾವ ವಿಳಾಸಕ್ಕೆ ಕಳಿಸಿದರೆ ಅನುಕೂಲ?’ ಎಂದು ಕೇಳುವುದಕ್ಕೆ ಪೋಸ್ಟ್ ಕಾರ್ಡು ಸಾಕು. ಉತ್ತರ ಬಂದರೆ ದಾರಿ ಗಟ್ಟಿ ಆಯಿತು. ಬರದಿದ್ದರೆ ನೀವು ಕಳೆದುಕೊಂಡಿದ್ದು ಒಂದು ಕಾರ್ಡು ಅಷ್ಟೆ.

ಈಗ ಆಡುತ್ತಿರುವ ದೊಡ್ಡ ಹೆಸರುಗಳಿಗಿಂತ ನಿವೃತ್ತರಾದವರಿಂದ ಉತ್ತರ ಬರುವ ಸಾಧ್ಯತೆ ಹೆಚ್ಚು. ಅದರಲ್ಲೂ ಹಾಕಿ, ಅಥ್ಲೆಟಿಕ್ಸ್, ಕಬಡ್ಡಿಯವರನ್ನು ಮರೆಯಬೇಡಿ. ಕೊಡಗಿನಿಂದ ಬಂದ ಹಾಕಿ ಆಟಗಾರರೇ ಎಷ್ಟು ಜನ ದೇಶಕ್ಕೆ ಆಡಿದ್ದಾರೆ! ಅವರಿಗೆ ಬರುವ ಪತ್ರಗಳು ಕಡಿಮೆ. ಬಂದದ್ದನ್ನು ಪ್ರೀತಿಯಿಂದ ಓದುತ್ತಾರೆ.

ಪತ್ರ

ಒಂದು ಪುಟ ಮೀರಬೇಡಿ. ಕೈಯಲ್ಲೇ ಬರೆಯಿರಿ. ಕನ್ನಡದವರಿಗೆ ಕನ್ನಡದಲ್ಲೇ ಬರೆಯಿರಿ. ಅವರ ಯಾವ ಆಟ ನಿಮಗೆ ಯಾಕೆ ಇಷ್ಟ ಅನ್ನುವುದನ್ನು ನಾಲ್ಕು ಸಾಲಿನಲ್ಲಿ ಹೇಳಿ. ಒಂದೇ ವಸ್ತು ಕಳಿಸಿ, ಹೆಚ್ಚೆಂದರೆ ಎರಡು. ಐದಾರು ಫೋಟೊ ಕಂಡರೆ ‘ಇವರು ಮಾರುವವರು’ ಅನ್ನುವ ಅನುಮಾನ ಬರುತ್ತದೆ. ನಿಮ್ಮ ಹೆಸರು ಹಾಕಿ ಸಹಿ ಮಾಡಲು ಕೇಳಿಕೊಳ್ಳಿ. ‘ಪ್ರೀತಿಯ ಸುಮಾ ಅವರಿಗೆ’ ಎಂದು ಬರೆದದ್ದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ. ಹಾಗಾಗಿಯೇ ಆಟಗಾರರು ನಂಬಿ ಬರೆದುಕೊಡುತ್ತಾರೆ, ದಾರಿಯಲ್ಲಿ ಕದಿಯುವವರಿಗೂ ಆಸೆ ಕಡಿಮೆ.

ವಾಪಸ್ ಬರುವ ಕವರ್

ಎಲ್ಲಕ್ಕಿಂತ ಮುಖ್ಯ ಇದು. ನಿಮ್ಮ ವಿಳಾಸ ಬರೆದು, ಸ್ಟ್ಯಾಂಪ್ ಅಂಟಿಸಿದ ಇನ್ನೊಂದು ಕವರನ್ನು ಒಳಗೆ ಇಡಬೇಕು. ಆಟಗಾರರ ಕೆಲಸ ಸಹಿ ಹಾಕುವುದು, ಒಳಗೆ ತೂರಿಸುವುದು, ಅಂಟಿಸುವುದು. ಇದಕ್ಕಿಂತ ಜಾಸ್ತಿ ಏನನ್ನೂ ಅವರಿಂದ ಬಯಸಬಾರದು.

ಹೀಗೆ ಬರುವ ಕವರ್ ಸಾದಾ ಅಂಚೆ. ಟ್ರ್ಯಾಕಿಂಗ್ ಇಲ್ಲ, ರಸೀದಿ ಇಲ್ಲ. ಸ್ಪೀಡ್ ಪೋಸ್ಟ್ ಆಗಬೇಕಾದರೆ ಅವರ ಕಡೆಯವರು ಯಾರಾದರೂ ಅಂಚೆ ಕಚೇರಿಯ ಕೌಂಟರಿನಲ್ಲಿ ನಿಲ್ಲಬೇಕು. ಅಷ್ಟನ್ನು ಕೇಳುವುದು ಸರಿಯಲ್ಲ. ನಿಮ್ಮೂರಿಂದ ಅವರ ಊರಿಗೆ ಓಡಾಡುವವರು ಇದ್ದರೆ, ‘ಸಹಿ ಆದ ಮೇಲೆ ಒಂದು ಮೆಸೇಜ್ ಮಾಡಿಸಿ, ನಾವೇ ಬಂದು ತಗೊಂಡು ಹೋಗ್ತೀವಿ’ ಎಂದು ಪತ್ರದಲ್ಲೇ ಬರೆಯಿರಿ. ಮನೆ ಬಾಗಿಲಿಗೆ ಬಂದು ಒಯ್ಯುವ ಕೊರಿಯರ್ ಸೇವೆಯನ್ನು ನೀವೇ ದುಡ್ಡು ಕಟ್ಟಿ ಬುಕ್ ಮಾಡಬಹುದು. ಆದರೆ ಅವರು ಒಪ್ಪಿದ ಮೇಲೆ ಮಾತ್ರ.

ಸ್ಟ್ಯಾಂಪ್ ಲೆಕ್ಕ ತಪ್ಪಬಾರದು. ಸಾದಾ ಪತ್ರಕ್ಕೆ ಮೊದಲ 20 ಗ್ರಾಂಗೆ 5 ರೂಪಾಯಿ, ಆಮೇಲೆ ಪ್ರತಿ 20 ಗ್ರಾಂಗೆ ಮತ್ತೆ 5 ರೂಪಾಯಿ. ಫೋಟೊ, ಎರಡು ರಟ್ಟು, ದಪ್ಪ ಕವರ್ ಎಲ್ಲ ಸೇರಿ 95 ಗ್ರಾಂ ಆಯಿತು ಎನ್ನಿ. 25 ರೂಪಾಯಿ ಸ್ಟ್ಯಾಂಪ್ ಬೇಕು. ಸುಮ್ನೆ ಐದು ರೂಪಾಯಿ ಅಂಟಿಸಿ ಕಳಿಸಿದರೆ, ಕಡಿಮೆ ಬಿದ್ದ ಮೊತ್ತದ ಎರಡರಷ್ಟನ್ನು ಪೋಸ್ಟ್‌ಮನ್ ನಿಮ್ಮಿಂದ ವಸೂಲಿ ಮಾಡುತ್ತಾರೆ. ಆ ಹೊತ್ತಿಗೆ ನೀವು ಮನೆಯಲ್ಲಿ ಇಲ್ಲದಿದ್ದರೆ, ಮನೆಯವರು ‘ನಮಗೆ ಗೊತ್ತಿಲ್ಲ’ ಎಂದುಬಿಟ್ಟರೆ, ಸಹಿ ಬಿದ್ದ ಫೋಟೊ ವಾಪಸ್ ಹೋಗುತ್ತದೆ. ವಾಪಸ್ ಕವರಿಗೆ ಎಲ್ಲ ತುಂಬಿ, ಅಂಟಿಸದೆ, ಅಂಚೆ ಕಚೇರಿಯಲ್ಲಿ ತೂಕ ಹಾಕಿಸಿ. ಒಂದು ಸ್ಟ್ಯಾಂಪ್ ಜಾಸ್ತಿಯೇ ಇರಲಿ.

ಕವರಿನ ಎರಡೂ ಕಡೆ, ‘ಇಂದ’ ಅನ್ನುವಲ್ಲೂ ‘ಗೆ’ ಅನ್ನುವಲ್ಲೂ, ನಿಮ್ಮ ವಿಳಾಸವನ್ನೇ ಬರೆಯಿರಿ. ಹೇಗೆ ತಿರುಗಿದರೂ ನಿಮ್ಮ ಮನೆಗೇ ಬರಲಿ. ‘ಆಟೋಗ್ರಾಫ್’ ಅನ್ನುವ ಪದವಾಗಲಿ, ಆಟಗಾರರ ಹೆಸರಾಗಲಿ ಅದರ ಹೊರಗೆ ಎಲ್ಲೂ ಕಾಣಬಾರದು.

ಪ್ಯಾಕ್ ಮಾಡುವುದು

ಕೌಂಟರಿನ ಒಳಗೆ ಪತ್ರಕ್ಕೆ ಮುದ್ರೆ ಹೊಡೆಯುವುದನ್ನು ಒಮ್ಮೆ ನಿಂತು ನೋಡಿ. ಮರದ ಹಿಡಿಯ ಕಬ್ಬಿಣದ ಸೀಲು, ಟಪ್ ಟಪ್ ಎಂದು ಒಂದೇ ಸಮನೆ ಬೀಳುತ್ತಿರುತ್ತದೆ. ತೆಳ್ಳಗಿನ ಕವರ್ ಆದರೆ ಆ ಪೆಟ್ಟು ಒಳಗಿನ ಫೋಟೊದ ಮೇಲೆ ಅರ್ಧಚಂದ್ರದ ಗುರುತು ಮೂಡಿಸುತ್ತದೆ. ಆದ್ದರಿಂದ ಫೋಟೊದ ಎರಡೂ ಬದಿಗೆ ಗಟ್ಟಿ ರಟ್ಟು ಬೇಕು, ಫೋಟೊಗಿಂತ ಎಲ್ಲ ಕಡೆ ಒಂದು ಬೆರಳಷ್ಟು ದೊಡ್ಡದು. ಅಂಚುಗಳಿಗೆ ಪೆಟ್ಟು ಬಿದ್ದರೆ ರಟ್ಟಿಗೆ ಬೀಳಲಿ. ‘ಮಡಚಬೇಡಿ’ ಎಂದು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರೆಯಿರಿ. ಆದರೂ ಕಾಪಾಡುವುದು ಆ ಬರಹ ಅಲ್ಲ, ರಟ್ಟು.

ಇನ್ನೊಂದು ಅಪಾಯ ಶಾಯಿಯದು. ಮಿರುಗುವ ಫೋಟೊದ ಮೇಲೆ ಮಾರ್ಕರ್ ಶಾಯಿ ಒಣಗಲು ಸ್ವಲ್ಪ ಹೊತ್ತು ಬೇಕು. ಸಹಿ ಹಾಕಿದವರು ಆ ಕೂಡಲೇ ಪ್ಲಾಸ್ಟಿಕ್ ಚೀಲಕ್ಕೆ ತೂರಿಸಿದರೆ ಶಾಯಿ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ. ಮಳೆಗಾಲದ ತೇವದಲ್ಲಿ ಎರಡು ದಿನ ಹಾಗೆಯೇ ಇದ್ದರೆ, ನೀವು ಬಿಡಿಸುವಾಗ ಅರ್ಧ ಸಹಿ ಫೋಟೊದಲ್ಲಿ, ಅರ್ಧ ಚೀಲದಲ್ಲಿ. ಇದನ್ನು ತಪ್ಪಿಸಲು ಫೋಟೊಗೆ ಬಿಳಿ ಕಾಗದದ ಮಡಿಕೆ ಮಾಡಿಕೊಡಿ. ಅದರ ಹೊರಗೆ ರಟ್ಟು, ರಟ್ಟಿನ ಹೊರಗೆ ಪ್ಲಾಸ್ಟಿಕ್. ಮಳೆ ನೀರು ಒಳಗೆ ಬರುವುದಿಲ್ಲ, ಶಾಯಿಯೂ ಎಳೆದು ಬರುವುದಿಲ್ಲ. ಇನ್ನೂ ಸುಲಭ ಬೇಕೆಂದರೆ ಮಿರುಗದ ಮ್ಯಾಟ್ ಪ್ರಿಂಟ್ ಹಾಕಿಸಿ.

ಕವರಿನೊಳಗೆ ಪೆನ್ನು ಇಡಬೇಡಿ. ಉಬ್ಬಿದ ಕವರ್ ಬೇರೆ ಟಪಾಲಿನ ಅಡಿ ಸಿಕ್ಕಿ ಹರಿಯುತ್ತದೆ. ಮುಚ್ಚಳ ಬಿಚ್ಚಿಕೊಂಡರೆ ಮಾರ್ಕರ್ ಫೋಟೊವನ್ನೇ ಹಾಳು ಮಾಡುತ್ತದೆ. ಕಪ್ಪು ಫೋಟೊ ಕಳಿಸಿ, ಜತೆಗೆ ಬೆಳ್ಳಿ ಬಣ್ಣದ ಪೆನ್ನು ಇಡುವ ಪೇಚಿಗೆ ಸಿಕ್ಕಿಕೊಳ್ಳುವ ಬದಲು, ತಿಳಿ ಹಿನ್ನೆಲೆಯ ಫೋಟೊ ಆರಿಸಿ. ಯಾವ ಪೆನ್ನಿನಲ್ಲಿ ಬರೆದರೂ ಕಾಣುತ್ತದೆ.

ಕಳಿಸುವ ಮುಂಚೆ ವಸ್ತುವಿನ ಎರಡೂ ಬದಿಯ ಫೋಟೊ ತೆಗೆಯಿರಿ. ರಸೀದಿಯದನ್ನೂ ತೆಗೆಯಿರಿ. ಹೋಗುವ ಕವರನ್ನು ಸ್ಪೀಡ್ ಪೋಸ್ಟ್ ಮಾಡಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜತೆ ಸೇರಿಹೋಗಿದೆ. ಈಗ ‘ನೋಂದಣಿ’ ಎಂಬುದನ್ನು ಸ್ಪೀಡ್ ಪೋಸ್ಟಿಗೆ ಹೆಚ್ಚುವರಿಯಾಗಿ ಸೇರಿಸಿಕೊಳ್ಳಬಹುದು. ಸೇರಿಸಿದರೆ ವಿಳಾಸದಲ್ಲಿರುವ ವ್ಯಕ್ತಿಗೆ ಅಥವಾ ಅವರು ಒಪ್ಪಿಗೆ ಕೊಟ್ಟವರಿಗೆ ಮಾತ್ರ ಕೊಡುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಕೇರ್ ಆಫ್ ವಿಳಾಸಕ್ಕೆ ಇದು ಉಲ್ಟಾ ಹೊಡೆಯುತ್ತದೆ. ಆಟಗಾರರು ಅಲ್ಲಿ ಇರುವುದಿಲ್ಲ, ಕಚೇರಿಯವರಿಗೆ ಕೊಡುವ ಹಾಗಿಲ್ಲ, ಕವರ್ ತಿರುಗಿ ಬರುತ್ತದೆ. ಕೇರ್ ಆಫ್‌ಗೆ ಸಾದಾ ಸ್ಪೀಡ್ ಪೋಸ್ಟ್ ಸಾಕು.

ಬ್ಯಾಟು, ಚೆಂಡು ಕಳಿಸಲೇಬೇಕು ಅಂದರೆ

ಕಳಿಸಬೇಡಿ ಎಂದೇ ನನ್ನ ಸಲಹೆ. ಪೂರ್ತಿ ಬ್ಯಾಟು ಒಂದು ಕಿಲೋಗಿಂತ ಜಾಸ್ತಿ ತೂಗುತ್ತದೆ. ಹೋಗುವುದಕ್ಕೂ ಬರುವುದಕ್ಕೂ ಪೆಟ್ಟಿಗೆ ಬೇಕು. ಅಷ್ಟು ದೊಡ್ಡ ಪೆಟ್ಟಿಗೆಯನ್ನು ಮತ್ತೆ ಕಟ್ಟಿ, ಹೊತ್ತುಕೊಂಡು ಹೋಗಿ ಬುಕ್ ಮಾಡುವ ಕೆಲಸ ಆಟಗಾರರ ತಲೆಗೆ ಬರುತ್ತದೆ. ಎಷ್ಟೋ ಬ್ಯಾಟುಗಳು ಸಹಿ ಬಿದ್ದೂ ಮೂಲೆಯಲ್ಲೇ ಉಳಿದುಬಿಡುವುದು ಇದೇ ಕಾರಣಕ್ಕೆ.

ಅವರೇ ಒಪ್ಪಿದ್ದಾರೆ ಅನ್ನುವುದಾದರೆ ಎಣ್ಣೆ ಹಚ್ಚದ ಬ್ಯಾಟು ಆರಿಸಿ. ಲಿನ್‌ಸೀಡ್ ಎಣ್ಣೆ ಕುಡಿದ ಮರದ ಮೇಲೆ ಮಾರ್ಕರ್ ಶಾಯಿ ಹರಡುತ್ತದೆ. ಮುಖಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಉಜ್ಜಿದಾಗ ಸಹಿ ಅಳಿಸಿಹೋಗುತ್ತದೆ. ಚೆಂಡಾದರೆ ಬಿಳಿಯದು ಮೇಲು. ಹೊಳಪಿನ ಕೆಂಪು ಚೆಂಡಿನ ಮೇಲೆ ಸಹಿ ಕಾಣುವುದೂ ಕಷ್ಟ, ನಿಲ್ಲುವುದೂ ಕಷ್ಟ.

ಅದರ ಬದಲು ರಣಜಿ ಪಂದ್ಯಕ್ಕೆ ಹೋಗಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಆಲೂರು, ಎಲ್ಲಿ ನಡೆದರೂ ಐಪಿಎಲ್‌ನಷ್ಟು ನೂಕುನುಗ್ಗಲು ಇರುವುದಿಲ್ಲ. ದಿನದ ಆಟ ಮುಗಿದ ಮೇಲೆ ಬೇಲಿ ಹತ್ತಿರ ನಿಂತು ವಿನಯದಿಂದ ಕೇಳಿದರೆ ಎಷ್ಟೋ ಆಟಗಾರರು ನಿಂತು ಸಹಿ ಹಾಕುತ್ತಾರೆ. ಹಳೆಯ ಆಟಗಾರರೂ ಆಯ್ಕೆಗಾರರಾಗಿ, ಕೋಚ್ ಆಗಿ ಅಲ್ಲೇ ಇರುತ್ತಾರೆ. ಬ್ಯಾಟನ್ನು ಅಲ್ಲಿಗೆ ಒಯ್ಯಿರಿ. ನಿಮ್ಮ ಕೈಬಿಟ್ಟು ಹೋಗುವುದು ಅರ್ಧ ನಿಮಿಷ.

ವಿದೇಶಕ್ಕೆ ಕಳಿಸುವಾಗ

ಇಂಗ್ಲೆಂಡಿನಿಂದ ಬರಬೇಕಾದ ಕವರಿಗೆ ಭಾರತದ ಸ್ಟ್ಯಾಂಪ್ ಅಂಟಿಸಿದರೆ ಪ್ರಯೋಜನ ಇಲ್ಲ. ಆ ದೇಶದ್ದೇ ಬೇಕು. ಯಾರ ಹತ್ತಿರವೋ ಹಳೆಯ ರಾಣಿ ಚಿತ್ರದ ಸ್ಟ್ಯಾಂಪ್ ಇದೆ ಎಂದು ಅಂಟಿಸಲೂ ಆಗದು. ಅಲ್ಲಿನ ಮಾಮೂಲಿ ಸ್ಟ್ಯಾಂಪುಗಳಲ್ಲಿ ಬಾರ್‌ಕೋಡ್ ಇಲ್ಲದವು 2023ರ ಜುಲೈ 31ರ ನಂತರ ನಡೆಯುವುದಿಲ್ಲ. ಲಂಡನ್ನಿನಲ್ಲೋ ಮೆಲ್ಬರ್ನ್‌ನಲ್ಲೋ ನೆಂಟರಿದ್ದರೆ ಅವರ ವಿಳಾಸದಿಂದಲೇ ಕಳಿಸಿ, ಅವರ ವಿಳಾಸಕ್ಕೇ ತರಿಸಿ. ಅವರು ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರಲಿ. ಇದಕ್ಕಿಂತ ಸುರಕ್ಷಿತ ದಾರಿ ಇನ್ನೊಂದಿಲ್ಲ.

ಬರೀ ಪತ್ರ, ಫೋಟೊಗಿಂತ ಹೆಚ್ಚಿನದ್ದು ಕಳಿಸಿದರೆ ಕಸ್ಟಮ್ಸ್ ಫಾರಂ ತುಂಬಬೇಕು. ಬೆಲೆಯನ್ನು ಇದ್ದದ್ದು ಇದ್ದಂತೆ ಬರೆಯಿರಿ. ವಾಪಸ್ ಬರುವಾಗ ನಮ್ಮ ಕಸ್ಟಮ್ಸ್‌ನವರು ಅದನ್ನು ಹೊಸದಾಗಿ ಆಮದಾದ ವಸ್ತು ಎಂದುಕೊಂಡು ಸುಂಕ ಕೇಳಬಹುದು. ಹೋದಾಗಿನ ರಸೀದಿ, ಫೋಟೊ ಇಟ್ಟುಕೊಂಡಿರಿ, ‘ಇದು ನನ್ನದೇ, ಸಹಿಗೆ ಹೋಗಿತ್ತು’ ಎಂದು ತೋರಿಸಬಹುದು. ನಿಯಮಗಳು ನಡುವೆಯೇ ಬದಲಾಗುವುದೂ ಉಂಟು. 2025ರ ಆಗಸ್ಟ್‌ನಲ್ಲಿ ಅಮೆರಿಕ 800 ಡಾಲರ್‌ವರೆಗಿನ ಸುಂಕ ವಿನಾಯಿತಿ ತೆಗೆದುಹಾಕಿದಾಗ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಹೆಚ್ಚಿನ ಪಾರ್ಸೆಲ್‌ಗಳ ಬುಕಿಂಗ್ ನಿಲ್ಲಿಸಿತ್ತು. ಮತ್ತೆ ಶುರುವಾಗಿದ್ದು ಅಕ್ಟೋಬರ್‌ನಲ್ಲಿ. ಕಳಿಸುವ ದಿನವೇ ಕೌಂಟರಿನಲ್ಲಿ ಕೇಳಿಕೊಳ್ಳಿ.

ಕಾಯುವಾಗ

ಒಂದು ವಾರದಲ್ಲೂ ಬರಬಹುದು, ಒಂದು ವರ್ಷವೂ ಆಗಬಹುದು. ಹೀಗೆ ಕಾಯುತ್ತಿರುವವರೇ ಮೋಸಗಾರರಿಗೆ ಸುಲಭದ ತುತ್ತು. ‘ನಿಮ್ಮ ಪಾರ್ಸೆಲ್ ಬಂದಿದೆ, ವಿಳಾಸ ಸರಿಯಿಲ್ಲ, ಈ ಲಿಂಕ್ ಒತ್ತಿ ಸಣ್ಣ ಶುಲ್ಕ ಕಟ್ಟಿ’ ಎಂದು ಅಂಚೆ ಇಲಾಖೆಯ ಹೆಸರಿನಲ್ಲಿ ಮೆಸೇಜ್ ಬರುತ್ತದೆ. ಮಾಮೂಲಿ ದಿನವಾದರೆ ನೀವು ಅಳಿಸಿಬಿಡುತ್ತಿದ್ದಿರಿ. ಈಗ ಪಾರ್ಸೆಲ್‌ಗೆ ಕಾಯುತ್ತಿದ್ದೀರಿ, ಬೆರಳು ತಾನಾಗಿ ಹೋಗುತ್ತದೆ. ಒತ್ತಬೇಡಿ. ಸ್ಪೀಡ್ ಪೋಸ್ಟ್ ನಂಬರಿನಲ್ಲಿ ಒಟ್ಟು ಹದಿಮೂರು ಅಕ್ಷರ ಇರುತ್ತವೆ: ಮೊದಲು ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಒಂಬತ್ತು ಅಂಕಿ, ಕೊನೆಗೆ ಭಾರತವನ್ನು ಸೂಚಿಸುವ ಐ ಮತ್ತು ಎನ್. ನಿಮ್ಮ ರಸೀದಿಯ ನಂಬರನ್ನು ಇಲಾಖೆಯ ಜಾಲತಾಣದಲ್ಲಿ ನೀವೇ ಹಾಕಿ ನೋಡಿ. ಅನುಮಾನ ಬಂದರೆ ಇಲಾಖೆಯ ಸಹಾಯವಾಣಿ 1800 266 6868ಕ್ಕೆ ಫೋನ್ ಮಾಡಿ. ‘ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ವಿಡಿಯೊ ಕಾಲ್‌ಗೆ ಬನ್ನಿ’ ಎಂದರೆ ಫೋನ್ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ಒಂದು ಗಳಿಗೆಯೂ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ.

‘ನನಗೆ ಆಟಗಾರರ ಪರಿಚಯ ಇದೆ, ಬ್ಯಾಟು ಮತ್ತು ದುಡ್ಡು ಕಳಿಸಿ, ಸಹಿ ಹಾಕಿಸಿಕೊಡ್ತೀನಿ’ ಅನ್ನುವವರೂ ಸಿಗುತ್ತಾರೆ. ಗುರುತು ಪರಿಚಯ ಇಲ್ಲದವರ ಕೈಗೆ ವಸ್ತುವನ್ನೂ ಕೊಡಬೇಡಿ, ದುಡ್ಡನ್ನೂ ಕೊಡಬೇಡಿ.

ಬಂದದ್ದು ಅವರದೇ ಸಹಿಯಾ?

ಕವರ್ ಬಂದ ಖುಷಿಯಲ್ಲೂ ಒಂದು ಭೂತಗನ್ನಡಿ ಹಿಡಿದು ನೋಡಿ. ಸಹಿ ಸಣ್ಣ ಸಣ್ಣ ಚುಕ್ಕಿಗಳಿಂದ ಆಗಿದ್ದರೆ ಅದು ಅಚ್ಚಾದದ್ದು. ನಿಜವಾದ ಶಾಯಿ ಫೋಟೊದ ಮೇಲೆ ಕೂತಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅದರ ಹೊಳಪೇ ಬೇರೆ. ಸಹಿ ಹಾಕುವ ಯಂತ್ರಗಳೂ ಇವೆ, ಅವುಗಳಿಗೆ ಆಟೋಪೆನ್ ಅನ್ನುತ್ತಾರೆ. ಮನುಷ್ಯನ ಕೈ ಎಲ್ಲೋ ಒತ್ತುತ್ತದೆ, ಎಲ್ಲೋ ಹಗುರಾಗುತ್ತದೆ. ಯಂತ್ರದ ಗೆರೆ ಉದ್ದಕ್ಕೂ ಒಂದೇ ದಪ್ಪ, ಶುರು ಮತ್ತು ಕೊನೆ ಚುಕ್ಕಿ ಇಟ್ಟ ಹಾಗೆ ಮೊಂಡು. ಬೇರೆಯವರಿಗೆ ಬಂದ ಸಹಿಯ ಮೇಲೆ ನಿಮ್ಮದನ್ನು ಇಟ್ಟಾಗ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದಿದ್ದರೆ ಅದು ಕೈಯಲ್ಲಿ ಹಾಕಿದ್ದಲ್ಲ. ಯಾರೂ ಎರಡು ಸಲ ಅಷ್ಟು ಪಕ್ಕಾ ಸಹಿ ಹಾಕಲಾರರು.

ಸರ್ಟಿಫಿಕೇಟ್ ಇದೆ ಎಂದ ಮಾತ್ರಕ್ಕೆ ನಂಬಬೇಡಿ. ಅಮೆರಿಕದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ತನಿಖೆ ನಡೆಸಿದಾಗ ಖೋಟಾ ಸಹಿಗಳ ಜತೆ ಖೋಟಾ ಸರ್ಟಿಫಿಕೇಟುಗಳೂ ರಾಶಿ ರಾಶಿ ಸಿಕ್ಕಿದ್ದವು. ಮದರ್ ತೆರೇಸಾ ಸಹಿ ಇರುವ ಬೇಸ್‌ಬಾಲ್ ಕೂಡ ಅದರಲ್ಲಿತ್ತು!

ಫೋಟೊವನ್ನು ಲ್ಯಾಮಿನೇಷನ್ ಮಾಡಿಸಬೇಡಿ. ನಮ್ಮಲ್ಲಿ ಇದೊಂದು ರೂಢಿ. ಆ ಬಿಸಿ ಮತ್ತು ಅಂಟು ಸಹಿಯನ್ನು ಕೆಡಿಸುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಬಿಸಿಲು ಬೀಳದ ಕಡೆ ಇಡಿ. ಕರಾವಳಿ, ಮಲೆನಾಡಿನವರು ಜತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಇನ್ನು ಅಂಚೆ ಮುದ್ರೆ ಬಿದ್ದಿರುವ ಆ ವಾಪಸ್ ಕವರನ್ನು ಎಸೆಯಬೇಡಿ. ಯಾವ ಊರಿನಿಂದ, ಯಾವ ದಿನ ಹೊರಟಿತು ಅನ್ನುವುದಕ್ಕೆ ಇರುವ ಸಾಕ್ಷಿ ಅದೊಂದೇ. ನೀವು ಕಳಿಸಿದ ಪತ್ರದ ಪ್ರತಿ, ಸ್ಪೀಡ್ ಪೋಸ್ಟ್ ರಸೀದಿ, ಸಹಿ ಬೀಳುವ ಮುಂಚಿನ ಫೋಟೊ, ಈ ಕವರು, ನಾಲ್ಕನ್ನೂ ಸಹಿಯ ಜತೆ ಒಂದೇ ಫೈಲಿನಲ್ಲಿ ಇಡಿ. ಮುಂದೆ ಯಾರಾದರೂ ‘ಇದು ಅಸಲಿ ಅಂತ ಹೇಗೆ ಹೇಳ್ತೀರಿ?’ ಎಂದು ಕೇಳಿದರೆ ಆ ಫೈಲು ತೆರೆದು ತೋರಿಸಬಹುದು.